ಪ್ಲಾನ್ ಬರೆಸೋದಾ, ಜನರ ಹತ್ತಿರ ಕಳಿಸೋದಾ?

ಇಂಜಿನಿಯರಿಂಗ್ ಓದುವವರಿಗೆ ಟೆಕ್ ಉದ್ಯಮ ಕಟ್ಟುವ ಪಾಠವನ್ನು ನಾನು ಎರಡು ಥರ ಮಾಡಿ ನೋಡಿದ್ದೇನೆ. ಒಂದು, ಬಿಸಿನೆಸ್ ಪ್ಲಾನ್ ಬರೆಸುವ ಹಳೇ ದಾರಿ. ಇನ್ನೊಂದು, ಗ್ರಾಹಕರ ಹತ್ತಿರ ಕಳಿಸಿ ಮಾತಾಡಿಸುವ ದಾರಿ. 2011ರಲ್ಲಿ ಅಮೆರಿಕದ ಉದ್ಯಮಿ, ಮೇಷ್ಟ್ರು ಸ್ಟೀವ್ ಬ್ಲಾಂಕ್ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಶುರು ಮಾಡಿದ ಲೀನ್ ಲಾಂಚ್‌ಪ್ಯಾಡ್ ಕೋರ್ಸ್ ಈ ಎರಡನೇ ಬಗೆಯದು. ಅದೇ ವರ್ಷ ಅಮೆರಿಕದ ನ್ಯಾಷನಲ್ ಸೈನ್ಸ್ ಫೌಂಡೇಶನ್ ವಿಜ್ಞಾನಿಗಳಿಗೆಂದು ಶುರು ಮಾಡಿದ ಐ-ಕೋರ್ ತರಬೇತಿಯೂ ಇದನ್ನೇ ಹಿಡಿಯಿತು. ಅಲ್ಲಿ 7 ವಾರದಲ್ಲಿ ಪ್ರತಿ ಟೀಮ್ 100 ಜನರನ್ನು ಮಾತಾಡಿಸಬೇಕು. ನಾನು 30ಕ್ಕೆ ಇಳಿಸಿದೆ. ಬೇರೆ ಪರೀಕ್ಷೆಗಳೂ ಇರುತ್ತವಲ್ಲ!

ಎರಡೂ ಬ್ಯಾಚ್‌ಗೆ ಒಂದೇ ಐಡಿಯಾ ಕೊಟ್ಟಿದ್ದೆ: ಲ್ಯಾಬಿನ ಫ್ರೀಜರ್ ಬೆಚ್ಚಗಾದರೆ ಮೊಬೈಲಿಗೆ ಮೆಸೇಜ್ ಕಳಿಸುವ ಪುಟ್ಟ ಸಾಧನ.

ಮೊದಲ ಬ್ಯಾಚ್ 42 ಪುಟದ ಪ್ಲಾನ್ ತಂದಿತು. ಐದನೇ ವರ್ಷದ ಲಾಭ ಎಕ್ಸೆಲ್‌ನಲ್ಲಿ ದಶಮಾಂಶದ ಸಮೇತ ಇತ್ತು. 'ಮಾರುಕಟ್ಟೆಯ 1% ಸಿಕ್ಕರೂ ಸಾಕು' ಅನ್ನೋ ಸಾಲು ಬೇರೆ. ಓದೋಕೆ ಚೆನ್ನಾಗಿತ್ತು. ಆದರೆ ಯಾರೂ ಒಂದು ಫ್ರೀಜರ್ ಬಾಗಿಲನ್ನೂ ತೆಗೆದು ನೋಡಿರಲಿಲ್ಲ.

ಎರಡನೇ ಬ್ಯಾಚ್ ನಾಲ್ಕನೇ ಭೇಟಿಯಲ್ಲೇ ಸಿಕ್ಕಿಹಾಕಿಕೊಂಡಿತು. ಲ್ಯಾಬ್ ಟೆಕ್ನಿಷಿಯನ್ ಒಬ್ಬರು ಫ್ರೀಜರ್ ಹತ್ತಿರ ಕರೆದುಕೊಂಡು ಹೋಗಿ ತೋರಿಸಿದರು. ಅದರಲ್ಲಿ ಅಲಾರಂ ಮೊದಲೇ ಇತ್ತು. ಬಜರ್ ಮೇಲೆ ಮೂರು ಪದರ ಟೇಪ್ ಅಂಟಿಸಿತ್ತು! "ಬಾಗಿಲು ತೆಗೆದರೂ ಬಡ್ಕೊಳ್ಳುತ್ತೆ, ಸುಮ್ನೆ ತಲೆನೋವು" ಅಂದರು. ಅವರಿಗೆ ಬೇಕಿದ್ದದ್ದು ಇನ್ನೊಂದು ಅಲಾರಂ ಅಲ್ಲ, ಬಾಗಿಲು ತೆಗೆದದ್ದಕ್ಕೂ ಮೆಷಿನ್ ಕೆಟ್ಟದ್ದಕ್ಕೂ ವ್ಯತ್ಯಾಸ ಹೇಳುವ ಒಂದು ಸಾಧನ. ದುಡ್ಡಿಗೆ ಸಹಿ ಹಾಕುವವರು ವಿಭಾಗದ ಮುಖ್ಯಸ್ಥರು. ಅವರ ಕೋಣೆಗೆ ಆ ಬಜರ್ ಕೇಳಿಸುವುದೇ ಇಲ್ಲ. ಟೀಮ್ ತಾಪಮಾನ ಬಿಟ್ಟು, ಫ್ರೀಜರನ್ನು ತಂಪು ಮಾಡುವ ಕಂಪ್ರೆಸರ್ ಎಳೆಯುವ ಕರೆಂಟ್ ಅಳೆಯೋಕೆ ಹೊರಟಿತು.

ಹಾಗಂತ ಈ ದಾರಿ ಸಲೀಸಲ್ಲ. "ಇಂಥದ್ದು ಬಂದ್ರೆ ತಗೋತೀರಾ?" ಅಂತ ಕೇಳಿದರೆ ಎಲ್ಲರೂ ಮರ್ಯಾದೆಗೆ ಹೂಂ ಅಂತಾರೆ. "ಹೋದ ಸಲ ಕೆಟ್ಟಾಗ ಏನು ಮಾಡಿದ್ರಿ?" ಅಂತ ಹುಡುಗರಿಂದ ಕೇಳಿಸೋಕೆ ನನಗೆ ಪೂರ್ತಿ ಎರಡು ವಾರ ಹಿಡಿಯಿತು. ಮಾರ್ಕ್ಸ್ ಕೊಡೋದೂ ಕಷ್ಟ. ಒಂದು ಟೀಮ್ ಹಾಸ್ಟೆಲ್‌ನಲ್ಲೇ ಕೂತು ಆರು ಸಂದರ್ಶನ ಬರೆದಿತ್ತು. ಆರೂ ಜನ 'ಖಂಡಿತವಾಗಿ' ಅಂತಲೇ ಮಾತು ಶುರು ಮಾಡಿದ್ದರು!

ಖರ್ಚಿನ ವಿಷಯದಲ್ಲಿ ಪ್ಲಾನ್ ಬ್ಯಾಚೇ ಮುಂದಿತ್ತು. ಒಂದು ಸಾಧನ ಮಾಡೋಕೆ ಎಷ್ಟಾಗುತ್ತೆ, ಕೈಯಲ್ಲಿರೋ ದುಡ್ಡು ಎಷ್ಟು ತಿಂಗಳಿಗೆ ಬರುತ್ತೆ ಅಂತ ಅವರಿಗೆ ಗೊತ್ತಿತ್ತು. ಆ ಒಂದು ಪುಟವನ್ನು ಮಾತ್ರ ಈಗಲೂ ಬರೆಸುತ್ತೇನೆ. ಮಧ್ಯೆ ಎರಡು ವಾರ ಕಂಪನಿಗಳ ಕಥೆ ಹೇಳಿ ಚರ್ಚೆಯನ್ನೂ ಮಾಡಿಸಿದ್ದೆ. ಕೊನೆ ಏನಾಯ್ತು ಅಂತ ಗೊತ್ತಿದ್ದರೆ ಎಲ್ಲರೂ ಜಾಣರೇ, ಅಲ್ವಾ? ಬಿಟ್ಟೆ.

ಇಟಲಿಯಲ್ಲಿ 116 ಸ್ಟಾರ್ಟಪ್‌ಗಳ ಮೇಲೆ ನಡೆದ ಒಂದು ಪ್ರಯೋಗ 2020ರಲ್ಲಿ ಪ್ರಕಟವಾಯಿತು. ಊಹೆ ಬರೆದಿಟ್ಟು, ವಿಜ್ಞಾನಿಗಳ ಹಾಗೆ ಅದನ್ನು ಪರೀಕ್ಷಿಸೋಕೆ ಕಲಿತವರು ಐಡಿಯಾ ಬದಲಿಸಿದ್ದು ಜಾಸ್ತಿ, ಗಳಿಕೆಯಲ್ಲೂ ಮುಂದೆ. ನನ್ನ ಟೇಪ್ ಅಂಟಿಸಿದ ಬಜರ್ ಕಥೆಗೂ ಇದು ಹೊಂದುತ್ತೆ. ಆದರೆ ಕೋರ್ಸ್ ಮುಗಿದಾಗ ಹುಡುಗರು ಕೊಟ್ಟ ರೇಟಿಂಗ್‌ನಲ್ಲಿ ಗೆದ್ದದ್ದು ಪ್ಲಾನ್ ಬ್ಯಾಚೇ. ಯಾರೂ ಅವರಿಗೆ ಬೇಡ ಅಂದಿರಲಿಲ್ಲವಲ್ಲ.

ಎರಡನೇ ಬ್ಯಾಚ್‌ನ ಒಬ್ಬಳು ಮೂವತ್ತನೇ ಭೇಟಿ ಮುಗಿಸಿ ಬಂದು, "ಸರ್, ಈ ಉದ್ಯಮ ನಂಗೆ ಆಗಲ್ಲ, ಕೆಲಸಕ್ಕೆ ಸೇರ್ತೀನಿ" ಅಂದಳು. ಕಾರಣ ಎರಡು ಪುಟ ಬರೆದು ತಂದಿದ್ದಳು. ಅವಳಿಗೆ ಪೂರ್ತಿ ಮಾರ್ಕ್ಸ್ ಕೊಟ್ಟೆ.