ಪುಸ್ತಕ ಒಂದು ಜೀಪಿನದು, ಚಾಸಿ ಇನ್ನೊಂದರದು: ಹಳೇ ಮಿಲಿಟರಿ ಜೀಪ್ ಕೊಳ್ಳುವವರಿಗೆ

ಬೆಳಗಾವಿ ಸುತ್ತಮುತ್ತ ಯಾರಾದರೂ ನಿಮಗೆ ಹೊಳೆಯುವ ಹಸಿರು ಜೀಪ್ ತೋರಿಸಿ, "1944ರ ಮಿಲಿಟರಿ ಗಾಡಿ, ಪುಸ್ತಕ ಕ್ಲಿಯರ್" ಎಂದರೆ (ಪುಸ್ತಕ ಅಂದರೆ ಆರ್‌ಸಿ, ಗಾಡಿಯ ನೋಂದಣಿ ದಾಖಲೆ), ಟೋಕನ್ ಕೊಡುವ ಮುಂಚೆ ಇದನ್ನು ಓದಿ. ನಾವು ಅಂಥದ್ದೇ ಒಂದು ಜೀಪಿಗೆ ಸುರಿದ ಐದು ಲಕ್ಷದ ಹತ್ತಿರದ ದುಡ್ಡು ಈಗ ಪೊಲೀಸ್ ಸ್ಟೇಷನ್ ಅಂಗಳದಲ್ಲಿ ಮುದ್ದೆಮಾಲಾಗಿ ನಿಂತಿದೆ. ಕೇಸು ನಡೆಯುತ್ತಿರುವುದರಿಂದ ಮಾರಿದವನ ಹೆಸರಾಗಲಿ, ಶೆಡ್ಡಿನ ಜಾಗವಾಗಲಿ ಬರೆಯುವುದಿಲ್ಲ. ಆದರೆ ಮೋಸ ಹೇಗೆ ಮಾಡುತ್ತಾರೆ ಅನ್ನುವುದನ್ನು ಪೂರ್ತಿ ಬಿಡಿಸಿ ಹೇಳುತ್ತೇನೆ.

ನಮ್ಮ ಊರಿನವರಿಗೆ ಮಿಲಿಟರಿ ಗಾಡಿ ಅಂದರೆ ಒಂದು ಕೈ ಜಾಸ್ತಿಯೇ ಪ್ರೀತಿ. ಮರಾಠಾ ಲೈಟ್ ಇನ್‌ಫೆಂಟ್ರಿಯ ಸೆಂಟರ್ ಇರುವ ಊರು ಇದು. ಕ್ಯಾಂಪ್ ಕಡೆ ಹೋದರೆ ದಿನಾ ಆ ಬಣ್ಣವೇ ಕಣ್ಣಿಗೆ ಬೀಳುತ್ತದೆ. ಜಿಲ್ಲೆಯಲ್ಲಿ ರಿಟೈರ್ ಆದ ಸೈನಿಕರಿಗೂ ಕಡಿಮೆ ಇಲ್ಲ. ನಮ್ಮ ಕಾಕಾನೂ ಅವರಲ್ಲಿ ಒಬ್ಬರು. ನೌಕರಿಯಲ್ಲಿದ್ದಾಗ ಜೋಂಗಾ ಎಂಬ ಸೈನ್ಯದ ಗಾಡಿ ಓಡಿಸಿದವರು. ಮೊದಲು ಅವರಿಗೆ ಜೋಂಗಾನೇ ಬೇಕಿತ್ತು. ಜಬಲ್ಪುರದಲ್ಲಿ ತಯಾರಾಗುತ್ತಿದ್ದ ಆ ಗಾಡಿ 1999ರಲ್ಲಿ ನಿಂತುಹೋಯಿತು. ಅದರದ್ದು ಸುಮಾರು ನಾಲ್ಕು ಲೀಟರಿನ ಪೆಟ್ರೋಲ್ ಇಂಜಿನ್. ಈಗಿನ ಪೆಟ್ರೋಲ್ ರೇಟಿನಲ್ಲಿ ಅದನ್ನು ಸಾಕುವುದು ಪೆನ್ಷನ್ ಮೇಲೆ ಇರುವವರ ಕೆಲಸ ಅಲ್ಲ. ಹಾಗಾಗಿ ಜೀಪ್ ಆಗಲಿ ಎಂದುಕೊಂಡೆವು. ಮಳೆಗಾಲದಲ್ಲಿ ಜಾಂಬೋಟಿ, ಚೋರ್ಲಾ ಘಾಟ್ ಕಡೆ ಒಂದು ಸುತ್ತು ಹೋಗಿ ಬರಬಹುದು ಅಂತ.

ಒಬ್ಬ ಏಜೆಂಟ್ ಮೂಲಕ ಆ ಶೆಡ್ ಗೊತ್ತಾಯಿತು. ಒಳಗೆ ಒಂದೇ ಜೀಪ್. ಬಾನೆಟ್ ಮೇಲೆ ಬಿಳಿ ನಕ್ಷತ್ರ, ಬಂಪರ್ ಮೇಲೆ ಮಿಲಿಟರಿ ನಂಬರಿನ ಹಾಗೆ ಮೇಲ್ಮುಖ ಬಾಣದ ಗುರುತು, ಹಿಂದೆ ಜೆರಿಕ್ಯಾನ್. ಸೆಲ್ಫ್ ಹೊಡೆದರೆ ಒಂದೇ ಸಲಕ್ಕೆ ಶುರು. "ಸಾಹೇಬ್ರ, ಇದು ಮಹಾಯುದ್ಧದಾಗ ಓಡಿದ ಗಾಡಿ ಐತಿ. ಇಂಥದ್ದು ಇನ್ನೊಂದು ನಿಮಗ ಸಿಗಂಗಿಲ್ಲ," ಅಂದ ಮಾರುವವನು. ಪುಸ್ತಕ ತಂದು ಕೊಟ್ಟ. ಕೈಬರಹದ ಹಳೇ ಆರ್‌ಸಿ, ಮೈಸೂರು ರಾಜ್ಯದ ಕಾಲದ ಎಂವೈ ನಂಬರು. ಕಂಪನಿ ಫೋರ್ಡ್, ತಯಾರಾದ ವರ್ಷ 1944. ಪುಸ್ತಕದಲ್ಲಿದ್ದ ಚಾಸಿ (ಗಾಡಿಯ ಕೆಳಗಿನ ಉಕ್ಕಿನ ಚೌಕಟ್ಟು) ನಂಬರೂ ಗಾಡಿಯಲ್ಲಿದ್ದ ನಂಬರೂ ಒಂದಕ್ಕೊಂದು ಸರಿಯಾಗಿ ಹೊಂದುತ್ತಿದ್ದವು. ಮಾಲೀಕರಿಗೆ ವಯಸ್ಸಾಗಿದೆ, ಓಡಾಡಲು ಆಗುವುದಿಲ್ಲ ಎಂದು ಹೇಳಿ ಮಾಲೀಕತ್ವ ವರ್ಗಾವಣೆಯ ಫಾರ್ಮ್ 29 ಮತ್ತು 30ಕ್ಕೆ ಮೊದಲೇ ಸಹಿ ಹಾಕಿಸಿ ಇಟ್ಟಿದ್ದ.

ಇನ್ನೊಂದು ಆಸೆಯನ್ನೂ ತೋರಿಸಿದ. 2021ರಲ್ಲಿ ಕೇಂದ್ರ ಸರ್ಕಾರ ವಿಂಟೇಜ್ ಗಾಡಿಗಳಿಗೆ ಬೇರೆ ನೋಂದಣಿ ತಂದಿದೆ. ಐವತ್ತು ವರ್ಷ ದಾಟಿದ ಖಾಸಗಿ ಗಾಡಿಗೆ 20,000 ರೂಪಾಯಿ ಕಟ್ಟಿದರೆ ಹತ್ತು ವರ್ಷಕ್ಕೆ ನೋಂದಣಿ, ನಂಬರ್ ಪ್ಲೇಟಿನಲ್ಲಿ ರಾಜ್ಯದ ಅಕ್ಷರಗಳಾದ ಮೇಲೆ 'ವಿಎ' ಅಂತ ಬರುತ್ತದೆ. ಇದೆಲ್ಲ ನಿಜವೇ. ಅವನು ಹೇಳದೆ ಬಿಟ್ಟದ್ದು ಎರಡು. ಆ ನಂಬರಿನ ಗಾಡಿಯನ್ನು ದಿನನಿತ್ಯದ ಓಡಾಟಕ್ಕೆ ಬಳಸುವ ಹಾಗಿಲ್ಲ. ಪ್ರದರ್ಶನ, ರ್‍ಯಾಲಿ, ರಿಪೇರಿ, ಪೆಟ್ರೋಲ್ ಹಾಕಿಸುವುದು, ಇಂಥದ್ದಕ್ಕೆ ಮಾತ್ರ. ಮತ್ತೆ ಚಾಸಿ, ಬಾಡಿ, ಇಂಜಿನ್ ಮೂಲದ್ದೇ ಇರಬೇಕು, ದೊಡ್ಡ ಬದಲಾವಣೆ ಆಗಿರಬಾರದು. ಈ ನಿಯಮ ಬಂದ ಮೇಲೆ ಹಳೇ ಪುಸ್ತಕಗಳಿಗೆ ಬೇಡಿಕೆ ಹೆಚ್ಚಾಗಿರಬೇಕು ಎಂಬುದು ನನ್ನ ಅನುಮಾನ.

ಮೋಸ ಹೊರಗೆ ಬಂದದ್ದು ಬಣ್ಣದ ದೆಸೆಯಿಂದ. ಆರ್‌ಟಿಓ ಆಫೀಸಿನಲ್ಲಿ ಇನ್‌ಸ್ಪೆಕ್ಟರ್ ಗಾಡಿ ಹತ್ತಿರಕ್ಕೂ ಬರಲಿಲ್ಲ. ದೂರದಿಂದಲೇ ನೋಡಿ, "ಮೊದಲ ಈ ಬಣ್ಣ ತಗಸ್ರಿ, ಆಮ್ಯಾಲ ಬರ್ರಿ," ಅಂದರು. ಅವರು ಹೇಳಿದ್ದು ಸರಿ. ಕೇಂದ್ರ ಮೋಟಾರು ವಾಹನ ನಿಯಮಗಳು 1989, ಅದರ 121ನೇ ನಿಯಮದ ಪ್ರಕಾರ ರಕ್ಷಣಾ ಇಲಾಖೆಯ ಗಾಡಿ ಬಿಟ್ಟು ಬೇರೆ ಯಾವುದಕ್ಕೂ ಆಲಿವ್ ಗ್ರೀನ್ ಬಣ್ಣ ಹಚ್ಚುವಂತಿಲ್ಲ. ಡಿಸ್ಪೋಜಲ್‌ನಲ್ಲಿ, ಅಂದರೆ ಸೈನ್ಯದ ಹರಾಜಿನಲ್ಲಿ, ಕೊಂಡ ಅಸಲಿ ಮಿಲಿಟರಿ ಗಾಡಿಯಾದರೂ ಅಷ್ಟೇ. ಆ ಬಾಣದ ಗುರುತಂತೂ ಕೇಳಲೇಬೇಡಿ.

ಹೇಗೂ ಬಣ್ಣ ತೆಗೆಯಬೇಕಲ್ಲ, ಪೂರ್ತಿ ಕೆರೆದು ತಗಡಿನ ಕೆಲಸವನ್ನೂ ಮುಗಿಸಿಬಿಡೋಣ ಎಂದು ಉದ್ಯಮಬಾಗ್ ಕಡೆಯ ಒಂದು ಗ್ಯಾರೇಜಿಗೆ ಬಿಟ್ಟೆವು. ರಿಮೂವರ್ ಹಚ್ಚಿದ ಮೇಲೆ ಮಿಸ್ತ್ರಿ ಫೋನ್ ಮಾಡಿ, "ಸರ, ನೀವ ಒಮ್ಮೆ ಬಂದು ನೋಡ್ರಿ," ಅಂದ. ಬಾಡಿ ತುಂಬ ಬೆರಳು ದಪ್ಪ ಪುಟ್ಟಿ. ಬಾಡಿಯೇ ಹೊಸ ತಗಡಿನದು. ಅದು ದೊಡ್ಡ ವಿಷಯ ಅಲ್ಲ, ಎಂಬತ್ತು ವರ್ಷದ ಜೀಪಿಗೆ ಮೂಲ ಬಾಡಿ ಎಲ್ಲಿ ಉಳಿದಿರುತ್ತದೆ? ಆದರೆ ಅವನು ತೋರಿಸಿದ್ದು ಎಡಗಡೆಯ ಚಾಸಿ. ಮುಂದಿನ ಬಂಪರಿನ ಹಿಂದೆ, ನಂಬರ್ ಇರುವ ಗೇಣುದ್ದದ ತುಂಡು ಬೇರೆ ಉಕ್ಕು. ಎರಡೂ ಕಡೆ ವೆಲ್ಡಿಂಗ್ ಮಾಡಿ, ಗ್ರೈಂಡರ್ ಹೊಡೆದು ನುಣುಪು ಮಾಡಿ, ಮೇಲೆ ಪುಟ್ಟಿ ಹಚ್ಚಿದ್ದರು. ನಂಬರ್ ಅಸಲಿ. ಅದರ ಸುತ್ತ ಇದ್ದ ಚಾಸಿ ಅದರದಲ್ಲ. ಅದು ಮಹೀಂದ್ರ ಜೀಪಿನದು, ಅದರ ಸ್ವಂತ ನಂಬರನ್ನು ಉಜ್ಜಿ ತೆಗೆದಿದ್ದರು.

ಇದು ಯಾಕೆ ಇಷ್ಟು ಸುಲಭ ಅಂದರೆ ಜೀಪಿನ ಚರಿತ್ರೆಯೇ ಹಾಗಿದೆ. 1941ರಿಂದ 45ರವರೆಗೆ ವಿಲ್ಲಿಸ್ ಮತ್ತು ಫೋರ್ಡ್ ಎರಡೂ ಕಂಪನಿ ಸೇರಿ ಆರು ಲಕ್ಷಕ್ಕೂ ಹೆಚ್ಚು ಜೀಪ್ ಮಾಡಿದವು, ಒಂದೇ ನಕ್ಷೆಯ ಮೇಲೆ. ಆಮೇಲೆ ಮಹೀಂದ್ರ ನಮ್ಮಲ್ಲಿ ಮಾಡಿದ್ದೂ ವಿಲ್ಲಿಸ್ ಲೈಸೆನ್ಸಿನದೇ. ಎಷ್ಟೋ ಭಾಗಗಳು ಒಂದರದು ಇನ್ನೊಂದಕ್ಕೆ ಕೂರುತ್ತವೆ. ಮಿಲಿಟರಿ ವರ್ಕ್‌ಶಾಪಿನಲ್ಲೇ ಫೋರ್ಡಿನ ಸಾಮಾನು ವಿಲ್ಲಿಸ್‌ಗೆ, ವಿಲ್ಲಿಸ್‌ನದು ಫೋರ್ಡಿಗೆ ಹೋಗಿದೆ. ಹಾಗಾಗಿ ಬಿಡಿಭಾಗ ಬೆರಕೆ ಆಗಿದ್ದರೆ ಗಾಬರಿ ಬೇಡ. ನಮ್ಮ ಜೀಪಿನ ಇಂಜಿನ್ ಕೂಡ ನಿಜಕ್ಕೂ ಹಳೇ ಸೈಡ್ ವಾಲ್ವ್ ಇಂಜಿನ್ನೇ. ಅದನ್ನು ನೋಡಿಯೇ ಕಾಕಾಗೆ ನಂಬಿಕೆ ಬಂದದ್ದು. ಚಾಸಿ ಮಾತ್ರ ಹಾಗಲ್ಲ. ಕಾನೂನಿನ ಕಣ್ಣಿನಲ್ಲಿ ಗಾಡಿ ಅಂದರೆ ಚಾಸಿ.

ನಂಬರ್ ಎಲ್ಲಿರಬೇಕು ಅಂತ ತಿಳಿದಿರಲಿ. ಯುದ್ಧಕಾಲದ ಫೋರ್ಡ್ ಆದರೆ ಎಡ ಚಾಸಿಯ ಮೇಲ್ಮೈಯಲ್ಲೇ ಅಚ್ಚು ಹೊಡೆದಿರುತ್ತದೆ. ವಿಲ್ಲಿಸ್ ಆದರೆ ಎಡ ಚಾಸಿಯ ಒಳಮೈಗೆ ಬಂಪರಿನ ಹಿಂದೆ ಒಂದು ಸಣ್ಣ ಪ್ಲೇಟ್ ರಿವಿಟ್ ಮಾಡಿರುತ್ತಾರೆ. ರೇಡಿಯೇಟರ್ ಕೆಳಗಿನ ಅಡ್ಡಪಟ್ಟಿ ವಿಲ್ಲಿಸ್‌ನಲ್ಲಿ ದುಂಡು ಪೈಪು, ಫೋರ್ಡಿನಲ್ಲಿ ಬೋರಲು ಹಾಕಿದ ಚಾನೆಲ್. ಯುದ್ಧದ ಜೀಪಿಗೆ ಹಿಂದೆ ತೆರೆಯುವ ಬಾಗಿಲು ಇರುವುದಿಲ್ಲ, ಪೆಟ್ರೋಲ್ ಹಾಕಲು ಡ್ರೈವರ್ ಸೀಟ್ ಎತ್ತಬೇಕು. ಆದರೆ ಈ ಕೊನೆಯ ಎರಡು ಗುರುತು ನೋಡಿ ಮೋಸ ಹೋಗಬೇಡಿ, ಹೊಸ ಬಾಡಿ ಕಟ್ಟುವವರು ಅವನ್ನೂ ಹಾಗೆಯೇ ಕಟ್ಟಿಕೊಡುತ್ತಾರೆ.

ನಂಬರ್ ಇರುವ ಜಾಗದ ಬಣ್ಣ ಕೆರೆದು ತೋರಿಸಲು ಹೇಳಿ. ಒಂದು ಗೇಣು ಹಿಂದಕ್ಕೆ, ಒಂದು ಗೇಣು ಮುಂದಕ್ಕೆ, ಚಾಸಿಯ ಒಳಗಡೆಯಿಂದಲೂ. ಹೊರಗಿನ ವೆಲ್ಡಿಂಗ್ ಮುಚ್ಚುವುದು ಸುಲಭ, ಒಳಗಿನದನ್ನು ಗ್ರೈಂಡರ್ ಮುಟ್ಟುವುದಿಲ್ಲ. "ಹೊಸ ಪೇಂಟ್ ಹಾಳಾಗುತ್ತೆ" ಅಂತ ತಕರಾರು ತೆಗೆದರೆ ಅಲ್ಲಿಂದ ಎದ್ದು ಬನ್ನಿ. ನನ್ನ ಅಭಿಪ್ರಾಯ ಕೇಳಿದರೆ, ಪೇಂಟ್ ಆದ ಗಾಡಿಯ ಕಡೆ ಹೋಗಲೇಬೇಡಿ. ತುಕ್ಕು ಹಿಡಿದು, ತಗಡು ಉದುರುವ ಜೀಪೇ ವಾಸಿ. ಅದರಲ್ಲಿ ಏನಿದೆ, ಏನಿಲ್ಲ ಎಲ್ಲ ಕಣ್ಣಿಗೆ ಕಾಣುತ್ತದೆ. ಬಣ್ಣವನ್ನು ನೀವೇ ಮಾಡಿಸಬಹುದು, ಹಸಿರು ಬಿಟ್ಟು.

ಆಮೇಲೆ ಪುಸ್ತಕದಲ್ಲಿದ್ದ ಹೆಸರು ಹಿಡಿದು ಗೋಕಾಕ ಕಡೆಯ ಒಂದು ಹಳ್ಳಿಗೆ ಹೋದೆವು. ಮನೆಯಲ್ಲಿ ಮಗ ಇದ್ದರು, ಅವರಿಗೇ ಅರವತ್ತರ ಮೇಲೆ. ನಮ್ಮ ಕೈಲಿದ್ದ ಫಾರ್ಮ್ ನೋಡಿ ಸ್ವಲ್ಪ ಹೊತ್ತು ಏನೂ ಮಾತಾಡಲಿಲ್ಲ. ತಂದೆ ತೀರಿಕೊಂಡು ಹದಿನೈದು ವರ್ಷದ ಮೇಲಾಗಿತ್ತು. "ಜೀಪ್ ಗುಜರಿಗೆ ಹಾಕಿ ಭಾಳ ವರ್ಷ ಆತ್ರಿ. ಪುಸ್ತಕ ಮನ್ಯಾಗ ಬಿದ್ದಿತ್ತು. ಒಬ್ಬಾಂವ ಬಂದು ಹಳೇ ಕಾಗದ ಕೊಡ್ರಿ, ರೊಕ್ಕ ಕೊಡ್ತೀನಿ ಅಂದ, ಕೊಟ್ವಿ," ಅಂದರು. ಅವರ ತಪ್ಪು ಅಂತ ನಾನು ಹೇಳುವುದಿಲ್ಲ. ಆದರೆ ನಿಮ್ಮ ಮನೆಯಲ್ಲೂ ಅಜ್ಜನ ಕಾಲದ ಜೀಪಿನದೋ ಟ್ರ್ಯಾಕ್ಟರಿನದೋ ಪುಸ್ತಕ ಇದ್ದರೆ ಯಾರಿಗೂ ಮಾರಬೇಡಿ. ಗಾಡಿ ಗುಜರಿಗೆ ಹೋಗಿದ್ದರೆ ಆರ್‌ಟಿಓಗೆ ಬರೆದುಕೊಟ್ಟು ನೋಂದಣಿ ರದ್ದು ಮಾಡಿಸಿ. ಇಲ್ಲದಿದ್ದರೆ ನಾಳೆ ಆ ನಂಬರಿನ ಗಾಡಿ ಎಲ್ಲೋ ಅಪಘಾತ ಮಾಡಿದರೆ ಪೊಲೀಸರು ಮೊದಲು ಬರುವುದು ದಾಖಲೆಯಲ್ಲಿ ಇರುವ ಹೆಸರಿನ ಮನೆಗೆ.

ಕೊಳ್ಳುವವರು ಇದನ್ನೇ ಮೊದಲು ಮಾಡಿ: ಆರ್‌ಸಿಯಲ್ಲಿ ಇರುವ ಮನುಷ್ಯನನ್ನು ಮುಖಾಮುಖಿ ನೋಡಿ. ಸತ್ತಿದ್ದರೆ ವಾರಸುದಾರರ ಹೆಸರಿಗೆ ಫಾರ್ಮ್ 31ರಲ್ಲಿ ವರ್ಗಾವಣೆ ಆಗಲಿ, ಆಮೇಲೆ ನಿಮ್ಮ ಹೆಸರಿಗೆ. ನೋಟರಿ ಮಾಡಿಸಿದ ಬಾಂಡ್ ಪೇಪರಿನಿಂದ ಗಾಡಿ ನಿಮ್ಮದಾಗುವುದಿಲ್ಲ. ಆರ್‌ಟಿಓದಿಂದ ಬಿ-ಎಕ್ಸ್‌ಟ್ರಾಕ್ಟ್ (ಅವರ ದಾಖಲೆಯಲ್ಲಿರುವ ಗಾಡಿಯ ವಿವರದ ಪ್ರತಿ) ತೆಗೆಸಿ ಪುಸ್ತಕದ ಜೊತೆ ತಾಳೆ ನೋಡಿ. ಹಳೇ ಕೈಬರಹದ ದಾಖಲೆ ಎಷ್ಟೋ ಸಲ ಆನ್‌ಲೈನ್‌ನಲ್ಲಿ ಸಿಗುವುದಿಲ್ಲ, ಅದಕ್ಕೇ ಇಂಥ ಪುಸ್ತಕ ಅವರಿಗೆ ಬೇಕು. ಕೇಂದ್ರದ ಡಿಜಿಟಲ್ ಪೊಲೀಸ್ ಪೋರ್ಟಲ್‌ನಲ್ಲಿ ಚಾಸಿ, ಇಂಜಿನ್ ನಂಬರ್ ಹಾಕಿ ಕದ್ದ ಗಾಡಿಯೇ ಎಂದು ನೋಡುವ ಸೌಲಭ್ಯವೂ ಇದೆ. ಮಿಲಿಟರಿ ಡಿಸ್ಪೋಜಲ್ ಅಂತ ಹೇಳಿದರೆ ಹರಾಜಿನ ರಿಲೀಸ್ ಆರ್ಡರ್ ಕೇಳಿ. ಬಾಯಿಮಾತಿನ ಡಿಸ್ಪೋಜಲ್ ಲೆಕ್ಕಕ್ಕೆ ಬರುವುದಿಲ್ಲ.

ನಮ್ಮ ಕೇಸು ಬಿಎನ್‌ಎಸ್ (ಭಾರತೀಯ ನ್ಯಾಯ ಸಂಹಿತೆ) 318ನೇ ಸೆಕ್ಷನ್ ಅಡಿ, ಅಂದರೆ ವಂಚನೆ ಎಂದು, ದಾಖಲಾಗಿದೆ, ಮೊದಲು ಇದನ್ನೇ 420 ಅನ್ನುತ್ತಿದ್ದರು. ಬ್ಯಾಂಕಿನಿಂದ ಹಾಕಿದ ದುಡ್ಡಿಗೆ ದಾಖಲೆ ಇದೆ. ಅವನು ಕೇಳಿದ ಹಾಗೆ ಕ್ಯಾಶ್ ಕೊಟ್ಟ ಭಾಗಕ್ಕೆ ಏನೂ ಇಲ್ಲ. ಉಜ್ಜಿ ತೆಗೆದ ಆ ಮಹೀಂದ್ರ ನಂಬರ್ ಯಾರದ್ದು, ಕದ್ದ ಜೀಪೋ ಗುಜರಿಯದ್ದೋ, ಇನ್ನೂ ಗೊತ್ತಾಗಿಲ್ಲ. ಅದು ಗೊತ್ತಾಗುವವರೆಗೆ ಜೀಪ್ ಹೊರಗೆ ಬರುವುದಿಲ್ಲ.

ದೂರು ಕೊಡುವ ಮುಂಚೆ ಒಮ್ಮೆ ಜೀಪ್ ಮಾರಿದವನಿಗೆ ಫೋನ್ ಮಾಡಿದ್ದೆ. ಜಗಳ ಮಾಡುತ್ತಾನೆ ಅಂದುಕೊಂಡಿದ್ದೆ, ಮಾಡಲಿಲ್ಲ. "ಇಷ್ಟಕ್ಕ ಯಾಕ ಸಿಟ್ಟಾಗ್ತೀರಿ ಸಾಹೇಬ್ರ? ಆ ಪುಸ್ತಕ ಬ್ಯಾಡಂದ್ರ ಬಿಡ್ರಿ. ನಿಮ್ಮ ಚಾಸಿಗೆ ಹೊಂದೂದು ಇನ್ನೊಂದು ಪುಸ್ತಕ ಐತಿ, ಮಹೀಂದ್ರದ್ದ ಐತಿ, ಕೊಡ್ತೀನಿ," ಅಂದ. ಆ ಮಾತಿನ ರೆಕಾರ್ಡಿಂಗ್ ಪೊಲೀಸರ ಹತ್ತಿರ ಇದೆ.