ಡಿಎಸ್‌ಎಲ್‌ಆರ್ ಬದಲು ಸೋನಿ ಆರ್‌ಎಕ್ಸ್100 ಮಾರ್ಕ್ 3: ಚಿತ್ರದುರ್ಗದಲ್ಲಿ ವರ್ಷಗಟ್ಟಲೆ ಬಳಸಿದ ಮೇಲೆ

ಡಿಎಸ್‌ಎಲ್‌ಆರ್ (ಲೆನ್ಸ್ ಬದಲಿಸಬಹುದಾದ ದೊಡ್ಡ ಕ್ಯಾಮೆರಾ) ಕೊಳ್ಳಬೇಕು ಅಂತಿರುವವರು ಮೊದಲು ಲೆನ್ಸಿನ ಲೆಕ್ಕ ಹಾಕಿ. ಎಷ್ಟೋ ಜನ ಬಾಡಿ ಜೊತೆ ಬಂದ 18-55 ಕಿಟ್ ಲೆನ್ಸಿನಲ್ಲೇ ಉಳಿದುಬಿಡುತ್ತಾರೆ. ಅದರ ಅಪರ್ಚರ್, ಅಂದರೆ ಬೆಳಕು ಒಳಬಿಡುವ ಕಿಂಡಿ, ಎಫ್/3.5ರಿಂದ 5.6; ಈ ಸಂಖ್ಯೆ ಚಿಕ್ಕದಾದಷ್ಟೂ ಕಿಂಡಿ ದೊಡ್ಡದು. 2014ರಲ್ಲಿ ಬಂದ, ಜೇಬಿಗೆ ಹಿಡಿಯುವ ಈ ಪುಟ್ಟ ಸೋನಿಯದ್ದು ಎಫ್/1.8ರಿಂದ 2.8. ಅಂದರೆ ಸೆನ್ಸರಿನ (ಬೆಳಕನ್ನು ಚಿತ್ರವಾಗಿಸುವ ಚಿಪ್ಪಿನ) ಅಷ್ಟೇ ಜಾಗಕ್ಕೆ ಹತ್ತಿರ ಹತ್ತಿರ ನಾಲ್ಕು ಪಟ್ಟು ಬೆಳಕು. ‘ಒಂದಿಂಚು’ ಎಂದು ಕರೆಯುವ ಇದರ ಸೆನ್ಸರ್, ಸಾಮಾನ್ಯ ಡಿಎಸ್‌ಎಲ್‌ಆರ್ ಸೆನ್ಸರಿನ ಮೂರನೇ ಒಂದು ಪಾಲು ಮಾತ್ರ ನಿಜ, ಆದರೆ ಅಲ್ಲಿ ಕಳೆದದ್ದು ಲೆನ್ಸಿನಲ್ಲಿ ವಾಪಸ್ ಸಿಗುತ್ತದೆ. ಡಿಎಸ್‌ಎಲ್‌ಆರ್‌ಗೆ 50 ಎಂಎಂ ಎಫ್/1.8 ಹಾಕಿದರೆ ಮಾತ್ರ ಅದೇ ಮುಂದೆ.

ಇದು ಬರೀ ಕಾಗದದ ಲೆಕ್ಕವಲ್ಲ. ನಮ್ಮ ಕೋಟೆಯ ಹಿಡಿಂಬೇಶ್ವರ ಗುಡಿಯಂಥ ಕಡೆ ಹೊರಗೆ ಕಣ್ಣು ಕುಕ್ಕುವ ಬಿಸಿಲು, ಒಳಗೆ ಕತ್ತಲು. ಪುರಾತತ್ವ ಇಲಾಖೆಯ ಜಾಗವಾದ್ದರಿಂದ ಟ್ರೈಪಾಡ್ ಇಡಬೇಕೆಂದರೆ ಅನುಮತಿ ಬೇಕು, ಹಾಗಾಗಿ ಕೈಯಲ್ಲೇ ಹಿಡಿದು ತೆಗೆಯಬೇಕು. ಕಿಟ್ ಲೆನ್ಸಿಗೆ ಐಎಸ್‌ಒ (ಬೆಳಕಿಗೆ ಸಂವೇದನೆಯ ಮಟ್ಟ, ಏರಿಸಿದಷ್ಟೂ ಚಿತ್ರ ಕಾಳುಕಾಳು) 3200 ಬೇಕಾಗುವ ಕಡೆ ಇದು 800ರ ಆಸುಪಾಸಿನಲ್ಲೇ ಕೆಲಸ ಮುಗಿಸುತ್ತದೆ, ಕಂಬದ ಕಲ್ಲಿನ ಉಳಿಗುರುತು ಕಲಸಿಹೋಗುವುದಿಲ್ಲ. ಶಟರ್ ಸದ್ದು ಪಕ್ಕದವರಿಗೂ ಕೇಳುವುದಿಲ್ಲ, ಪೂಜೆ ನಡೆಯುವಾಗ ಅದು ದೊಡ್ಡ ಅನುಕೂಲ.

ನನಗೆ ಇದು ತುಂಬಾ ಇಷ್ಟವಾದದ್ದು ಊರ ಪಕ್ಕದ ಚಂದ್ರವಳ್ಳಿಯಲ್ಲಿ. ಭೈರವೇಶ್ವರ ಗುಡಿ ಹತ್ತಿರದ ಬಂಡೆಯ ಮೇಲೆ ಕದಂಬರ ಮಯೂರಶರ್ಮನ ಶಾಸನವಿದೆ, ಕೆರೆ ಕಟ್ಟಿಸಿದ ವಿಚಾರ. ಅಕ್ಷರಗಳು ಸವೆದಿವೆ, ನೇರ ಬೆಳಕಲ್ಲಿ ಬಂಡೆ ಬೋಳಾಗಿ ಕಾಣುತ್ತದೆ. ಗೆಳೆಯರೊಬ್ಬರು ಪಕ್ಕದಿಂದ ಟಾರ್ಚ್ ಓರೆಯಾಗಿ ಹಿಡಿದರು. ನಾನು ಜೂಮನ್ನು ಅದರ ಕೊನೆಯಾದ 70 ಎಂಎಂಗೆ ತಂದು, ಒಂದಡಿ ದೂರದಿಂದ, ಸ್ಕ್ರೀನ್ ಮೇಲಕ್ಕೆ ಮಡಚಿ ತೆಗೆದೆ. ಒಂದೊಂದು ಗೆರೆಗೂ ಅಂಚಿನಲ್ಲಿ ನೆರಳು ಕೂತು ಅಕ್ಷರ ಎದ್ದು ಬಂತು. ರಾ ಫೈಲ್ (ಸೆನ್ಸರ್ ಕಂಡದ್ದನ್ನು ಹಾಗೇ ಉಳಿಸುವ ಫೈಲ್) ಇದ್ದದ್ದರಿಂದ ಮನೆಯಲ್ಲಿ ಕಾಂಟ್ರಾಸ್ಟ್ ಇನ್ನಷ್ಟು ಎತ್ತಲು ಆಯಿತು.

ಬಿಸಿಲಿಗೆ ಎರಡು ಸೌಕರ್ಯ ಇವೆ. ಒಂದು, ಮೂಲೆಯಿಂದ ಮೇಲೇಳುವ ವ್ಯೂಫೈಂಡರ್, ಕಣ್ಣಿಟ್ಟು ನೋಡುವ ಕಿಂಡಿ. ಮಟಮಟ ಮಧ್ಯಾಹ್ನ ಸ್ಕ್ರೀನ್ ನಂಬುವ ಹಾಗಿಲ್ಲ. ಇನ್ನೊಂದು, ಒಳಗೇ ಇರುವ ಎನ್‌ಡಿ ಫಿಲ್ಟರ್, ಅಂದರೆ ಬೆಳಕು ತಗ್ಗಿಸುವ ಗಾಜು. ಶಟರ್ ವೇಗ 1/2000 ಸೆಕೆಂಡಿಗೆ ನಿಲ್ಲುವುದರಿಂದ, ಹಗಲಲ್ಲಿ ಎಫ್/1.8 ಬಳಸಬೇಕೆಂದರೆ ಅದು ಬೇಕೇ ಬೇಕು. ತೂಕ ಬ್ಯಾಟರಿ ಸೇರಿ 290 ಗ್ರಾಂ. ಎರಡೂ ಕೈ ಊರಿ ಬಂಡೆ ಹತ್ತುವ ಊರಿನಲ್ಲಿ ಇದರ ಬೆಲೆ ಹೆಚ್ಚು.

ಹಕ್ಕಿಗಳ ಫೋಟೊ ತೆಗೆಯುವವರು ಇದನ್ನು ಕೊಳ್ಳಬೇಡಿ. ದಾವಣಗೆರೆಯ ಕುಂದುವಾಡ ಕೆರೆ ಏರಿ ಮೇಲೆ ನಿಂತರೆ 70 ಎಂಎಂಗೆ ಕೊಕ್ಕರೆ ಬಿಳಿ ಚುಕ್ಕೆಯಷ್ಟೇ. ಅಂಥವರಿಗೆ ಅಷ್ಟೇ ದೊಡ್ಡ ಸೆನ್ಸರಿದ್ದು ಜೂಮ್ 400 ಎಂಎಂವರೆಗೆ ಹೋಗುವ ಪ್ಯಾನಸಾನಿಕ್ ಎಫ್‌ಜೆಡ್1000 ಸರಿ, ಜೇಬಿನ ಆಸೆ ಬಿಡಬೇಕು. ಟಚ್ ಸ್ಕ್ರೀನ್ ಇಲ್ಲ, ಹೊರಗಿನ ಫ್ಲ್ಯಾಶ್ ಕೂರಿಸಲು ಜಾಗ ಇಲ್ಲ, ಮದುವೆ ಕೆಲಸಕ್ಕೆ ಆಗದು. ಬ್ಯಾಟರಿ ಚಿಕ್ಕದು, ಪವರ್ ಬ್ಯಾಂಕಿನಿಂದ ಚಾರ್ಜ್ ಆಗುತ್ತದೆ, ಆದರೂ ಇನ್ನೊಂದು ಜೊತೆಗಿರಲಿ.

ಸೆಕೆಂಡ್ ಹ್ಯಾಂಡ್ ತರುವುದಾದರೆ ಎಫ್/11ರಲ್ಲಿ ಬರೀ ಆಕಾಶದ ಫೋಟೊ ತೆಗೆದು, ದೊಡ್ಡದು ಮಾಡಿ ಮಸುಕು ಕಲೆ ಹುಡುಕಿ. ಒಳಗೆ ಹೊರಗೆ ಆಡುವ ಲೆನ್ಸ್ ಧೂಳು ಎಳೆದುಕೊಳ್ಳುತ್ತದೆ. ಲೆನ್ಸ್ ಬಿಚ್ಚಲು ಬರುವುದಿಲ್ಲವಾದ್ದರಿಂದ ಸೆನ್ಸರ್ ಮನೆಯಲ್ಲಿ ಒರೆಸುವ ಹಾಗಿಲ್ಲ. ಜೋಗಿಮಟ್ಟಿ ಬೆಟ್ಟದ ಗಾಳಿಯಲ್ಲಿ ನಾನು ಫೋಟೊ ತೆಗೆದ ಕೂಡಲೇ ಆಫ್ ಮಾಡಿ, ಜಿಪ್ ಇರುವ ಪೌಚಿಗೆ ಹಾಕಿಬಿಡುತ್ತೇನೆ.