ಎನ್100 ಮಿನಿ ಪಿಸಿಯಲ್ಲಿ ಜೆಲ್ಲಿಫಿನ್: ಮನೆಯ ಸಿನಿಮಾ ಸರ್ವರ್ ಹೇಗಿದೆ?

ಮನೆಯಲ್ಲಿರುವ ಡಿವಿಡಿ, ಬ್ಲೂರೇ, ಮದುವೆ ವಿಡಿಯೋ ಎಲ್ಲವನ್ನೂ ಒಂದೇ ಕಡೆ ತುಂಬಿಟ್ಟು ಟಿವಿಯಲ್ಲಿ ನೋಡಬೇಕು ಅನ್ನುವವರು ಮೊದಲು ಜೆಲ್ಲಿಫಿನ್ ಹಾಕಿ ನೋಡಿ. 2018ರ ಕೊನೆಗೆ ಎಂಬಿ (Emby) ಅನ್ನುವ ಇನ್ನೊಂದು ಮೀಡಿಯಾ ಸರ್ವರ್‌ನಿಂದ ಕವಲೊಡೆದು ಬಂದ ಮುಕ್ತ ತಂತ್ರಾಂಶ ಇದು. ದುಡ್ಡು ಕೇಳುವುದಿಲ್ಲ, ಹೊರಗಿನ ಖಾತೆ ಬೇಡ, ಇಂಟರ್ನೆಟ್ ಹೋದರೂ ಸಿನಿಮಾ ನಿಲ್ಲುವುದಿಲ್ಲ. ಇಂಥದ್ದೇ ತಂತ್ರಾಂಶವಾದ ಪ್ಲೆಕ್ಸ್‌ನಲ್ಲಿ ಹಾರ್ಡ್‌ವೇರ್ ಟ್ರಾನ್ಸ್‌ಕೋಡಿಂಗ್‌ಗೆ (ಟಿವಿಗೆ ಹೊಂದುವಂತೆ ವಿಡಿಯೋವನ್ನು ಚಿಪ್‌ನ ನೆರವಿನಿಂದ ಬೇರೆ ರೂಪಕ್ಕೆ ಬದಲಿಸುವುದು) ಪ್ಲೆಕ್ಸ್ ಪಾಸ್ ಕೊಳ್ಳಬೇಕು, ಇಲ್ಲಿ ಅದೂ ಪುಕ್ಕಟೆ.

ಯಂತ್ರಕ್ಕೆ ಇಂಟೆಲ್ ಎನ್100 ಮಿನಿ ಪಿಸಿ ಧಾರಾಳ ಸಾಕು. 8 ಜಿಬಿ ರ‍್ಯಾಮ್, ಓಎಸ್ ಮತ್ತು ಡೇಟಾಬೇಸ್‌ಗೆ 256 ಜಿಬಿ ಎಸ್‌ಎಸ್‌ಡಿ. ಪ್ರೊಸೆಸರ್‌ನ ಟಿಡಿಪಿ (ವಿದ್ಯುತ್ ಬಳಕೆಯ ಅಂದಾಜು) ಬರೀ 6 ವ್ಯಾಟ್, ಹಗಲೂ ರಾತ್ರಿ ಉರಿದರೂ ಬಿಲ್ಲಿಗೆ ಭಾರವಾಗದು. ರಾಸ್‌ಬೆರಿ ಪೈ 5 ಬೇಡ, ವಿಡಿಯೋವನ್ನು ಹೊಸ ರೂಪದಲ್ಲಿ ಬರೆಯುವ ಹಾರ್ಡ್‌ವೇರ್ ಎನ್‌ಕೋಡರೇ ಅದರಲ್ಲಿ ಇಲ್ಲ.

ಡೆಬಿಯನ್ 12 (ಒಂದು ಲಿನಕ್ಸ್ ಓಎಸ್) ಮೇಲೆ ಜೆಲ್ಲಿಫಿನ್ ಪ್ಯಾಕೇಜ್ ಹಾಕಿ, ಬ್ರೌಸರ್‌ನಲ್ಲಿ ಸರ್ವರ್ ವಿಳಾಸದ 8096 ಪೋರ್ಟ್ ತೆರೆದರೆ ಸೆಟಪ್ ಶುರು. ಡ್ಯಾಶ್‌ಬೋರ್ಡಿನ ಟ್ರಾನ್ಸ್‌ಕೋಡಿಂಗ್ ಪುಟದಲ್ಲಿ ಕ್ವಿಕ್‌ಸಿಂಕ್ (ಇಂಟೆಲ್ ಜಿಪಿಯುವಿನ ಟ್ರಾನ್ಸ್‌ಕೋಡಿಂಗ್ ಸೌಲಭ್ಯ) ಆರಿಸುವ ಮೊದಲು ಜೆಲ್ಲಿಫಿನ್ ಹೆಸರಿನ ಬಳಕೆದಾರನನ್ನು ರೆಂಡರ್ ಗ್ರೂಪಿಗೆ ಸೇರಿಸಿ ಸರ್ವಿಸ್ ರೀಸ್ಟಾರ್ಟ್ ಮಾಡಿ. ಇದನ್ನು ಮರೆತರೆ ಜಿಪಿಯು ಮುಟ್ಟಲು ಅನುಮತಿ ಸಿಗದೆ, ಟ್ರಾನ್ಸ್‌ಕೋಡ್ ಬೇಕಾದ ಸಿನಿಮಾ ಶುರುವಾಗುವ ಮೊದಲೇ ಎರರ್ ಬರುತ್ತದೆ. ಅದೇ ಪುಟದಲ್ಲಿ ಎವಿ1 (ಒಂದು ಹೊಸ ವಿಡಿಯೋ ರೂಪ) ಎನ್‌ಕೋಡಿಂಗ್‌ಗೆ ಟಿಕ್ ಹಾಕಬೇಡಿ. ಎನ್100 ಎವಿ1 ಓದಬಲ್ಲದು, ಬರೆಯಲಾರದು.

ಇಷ್ಟಾದರೂ, ಟ್ರಾನ್ಸ್‌ಕೋಡ್ ಆಗದಂತೆ ನೋಡಿಕೊಳ್ಳುವುದೇ ಒಳ್ಳೆಯ ಸರ್ವರ್‌ನ ಗುಟ್ಟು. ಫೈಲು ಹೇಗಿದೆಯೋ ಹಾಗೇ ಟಿವಿಗೆ ಹೋದರೆ ಸರ್ವರ್‌ಗೆ ಕೆಲಸವೇ ಇಲ್ಲ. ಇದನ್ನು ಹೆಚ್ಚಾಗಿ ಕೆಡಿಸುವುದು ಸಬ್‌ಟೈಟಲ್. ಬ್ಲೂರೇ ಡಿಸ್ಕಿನ ಪಿಜಿಎಸ್ ಸಬ್‌ಟೈಟಲ್ ಅಕ್ಷರವಲ್ಲ, ಚಿತ್ರ. ಟಿವಿ ಆ್ಯಪ್‌ಗೆ ಅದನ್ನು ತೋರಿಸಲು ಬಾರದಿದ್ದರೆ ಸರ್ವರ್ ಒಂದೊಂದು ಫ್ರೇಮಿನ ಮೇಲೂ ಅದನ್ನು ಅಚ್ಚೊತ್ತಬೇಕು, ಅಂದರೆ ಇಡೀ 4ಕೆ ವಿಡಿಯೋ ಮತ್ತೆ ಎನ್‌ಕೋಡ್ ಆಗಬೇಕು. ಸಬ್‌ಟೈಟಲ್ ತೆಗೆದರೆ ನೀರಿನಂತೆ ಓಡುವ ಸಿನಿಮಾ, ಹಾಕಿದ ಕೂಡಲೇ ತಡವರಿಸುವುದು ಇದಕ್ಕೇ. ಸಿನಿಮಾ ಓಡುತ್ತಿರುವಾಗ ಡ್ಯಾಶ್‌ಬೋರ್ಡ್ ತೆರೆದು ನೋಡಿ, ಟ್ರಾನ್ಸ್‌ಕೋಡ್ ಯಾಕೆ ಆಗುತ್ತಿದೆ ಅನ್ನುವ ಕಾರಣವೂ ಅಲ್ಲೇ ಸಿಗುತ್ತದೆ. ಮದ್ದು ಸರಳ: ಸಿನಿಮಾ ಫೈಲಿನ ಹೆಸರಲ್ಲೇ ಅಕ್ಷರ ರೂಪದ ಸಬ್‌ಟೈಟಲ್ ಇರುವ ಒಂದು ಎಸ್‌ಆರ್‌ಟಿ ಫೈಲು ಪಕ್ಕದಲ್ಲಿಡಿ. ಕನ್ನಡದ್ದಾದರೆ ಯುಟಿಎಫ್-8ರಲ್ಲಿ ಸೇವ್ ಮಾಡಿ. ಕನ್ನಡ ಸಬ್‌ಟೈಟಲನ್ನು ಅಚ್ಚೊತ್ತಲೇಬೇಕಾದಾಗ ಅಕ್ಷರದ ಬದಲು ಖಾಲಿ ಚೌಕಗಳು ಬಂದರೆ ಸರ್ವರ್‌ನಲ್ಲಿ ಕನ್ನಡ ಫಾಂಟ್ ಇಲ್ಲ ಎಂದೇ ಅರ್ಥ. ಡೆಬಿಯನ್‌ನ ಗುಬ್ಬಿ ಅಥವಾ ನವಿಲು ಫಾಂಟ್ ಪ್ಯಾಕೇಜ್ ಹಾಕಿದರೆ ಸರಿಹೋಗುತ್ತದೆ. ಡಾಕರ್‌ನಲ್ಲಿ (ತಂತ್ರಾಂಶವನ್ನು ಪ್ರತ್ಯೇಕ ಕಂಟೈನರ್ ಒಳಗೆ ನಡೆಸುವ ವ್ಯವಸ್ಥೆ) ಓಡಿಸುವವರು ಫಾಂಟನ್ನು ಕಂಟೈನರ್ ಒಳಗೇ ಕೊಡಬೇಕು, ಹೊರಗೆ ಹಾಕಿ ಉಪಯೋಗವಿಲ್ಲ.

ಟಿವಿಗೆ ಡಿಟಿಎಸ್ ಆಡಿಯೋ ಬಾರದಿದ್ದರೆ ತಲೆ ಕೆಡಿಸಿಕೊಳ್ಳಬೇಡಿ. ಆಗ ಬದಲಾಗುವುದು ಸದ್ದು ಮಾತ್ರ, ಅದು ಹಗುರ ಕೆಲಸ.

ಕೇಬಲ್ ಹಾಕಿದರೆ ವೇಗ ಅನ್ನುವ ನಂಬಿಕೆ ಟಿವಿಯ ಮಟ್ಟಿಗೆ ತಪ್ಪಬಹುದು. ಬಹಳಷ್ಟು ಸ್ಮಾರ್ಟ್ ಟಿವಿಗಳ ಲ್ಯಾನ್ ಪೋರ್ಟ್ 100 ಎಂಬಿಪಿಎಸ್‌ಗೆ ಸೀಮಿತ. 4ಕೆ ಬ್ಲೂರೇ ಫೈಲು ಅಬ್ಬರದ ದೃಶ್ಯಗಳಲ್ಲಿ ಅದನ್ನು ದಾಟಿ ಬಫರಿಂಗ್ ಆಗುತ್ತದೆ. ರೂಟರ್ ಹತ್ತಿರದಲ್ಲಿದ್ದರೆ 5 ಗಿಗಾಹರ್ಟ್ಸ್ ವೈಫೈಯೇ ಮೇಲು.

ಡಿಸ್ಕ್ ಲೆಕ್ಕ: ಡಿವಿಡಿ 4ರಿಂದ 8 ಜಿಬಿ, ಬ್ಲೂರೇ 25ರಿಂದ 40, 4ಕೆ ಆದರೆ 50ರಿಂದ 80. 8 ಟಿಬಿ ಡಿಸ್ಕಿನಲ್ಲಿ ಹತ್ತಿರ ಹತ್ತಿರ 250 ಬ್ಲೂರೇ ಹಿಡಿಸುತ್ತವೆ. ಸ್ವಂತ ಅಡಾಪ್ಟರ್ ಇರುವ 3.5 ಇಂಚಿನದನ್ನೇ ಕೊಳ್ಳಿ, ಲಿನಕ್ಸ್‌ನ ಎಕ್ಸ್‌ಟಿ4ಗೆ ಫಾರ್ಮ್ಯಾಟ್ ಮಾಡಿ, ಯುಯುಐಡಿ (ಡಿಸ್ಕಿನ ಗುರುತು ಸಂಖ್ಯೆ) ಬರೆದು ‘ನೋಫೇಲ್’ ಆಯ್ಕೆಯ ಜೊತೆ ಮೌಂಟ್ ಮಾಡಿ. ಇಲ್ಲದಿದ್ದರೆ ಕರೆಂಟ್ ಹೋಗಿ ಬಂದಾಗ ಡಿಸ್ಕ್ ಸಿಗದೆ ಸರ್ವರ್ ಬೂಟ್ ಆಗುವುದೇ ನಿಂತೀತು. ಮದುವೆ ವಿಡಿಯೋದಂಥ ಮತ್ತೆ ಸಿಗದ ಫೈಲುಗಳಿಗೆ ಇನ್ನೊಂದು ಡಿಸ್ಕಿನಲ್ಲಿ ಪ್ರತಿ ಇರಲೇಬೇಕು.

ಒಂದೊಂದು ಸಿನಿಮಾಕ್ಕೂ ಒಂದೊಂದು ಫೋಲ್ಡರ್, ಹೆಸರಿನ ನಂತರ ಆವರಣದಲ್ಲಿ ವರ್ಷ. ಜೆಲ್ಲಿಫಿನ್ ಪೋಸ್ಟರ್ ಹುಡುಕುವುದು ಈ ಹೆಸರಿನಿಂದಲೇ. ಕನ್ನಡ ಸಿನಿಮಾಗಳಿಗಂತೂ ಇದು ಬೇಕೇ ಬೇಕು. ‘ನಾಗರಹಾವು’ 1972ರದ್ದೂ ಇದೆ, 2016ರದ್ದೂ ಇದೆ. 1998ರ ‘ಎ’ ಒಂದೇ ಅಕ್ಷರ, ವರ್ಷವಿಲ್ಲದೆ ಹುಡುಕಿದರೆ ಯಾವುದೋ ದೇಶದ ಪೋಸ್ಟರ್ ಬಂದು ಕೂರಬಹುದು.

ಕೊರತೆ ಇರುವುದು ಹೊರಗಿನಿಂದ ನೋಡುವುದರಲ್ಲಿ. ಪ್ಲೆಕ್ಸ್‌ಗಿರುವಂಥ, ಮಧ್ಯದ ಸರ್ವರ್ ಮೂಲಕ ವಿಡಿಯೋ ದಾಟಿಸುವ ರಿಲೇ ವ್ಯವಸ್ಥೆ ಜೆಲ್ಲಿಫಿನ್‌ಗೆ ಇಲ್ಲ. ನಮ್ಮಲ್ಲಿ ಅನೇಕ ಬ್ರಾಡ್‌ಬ್ಯಾಂಡ್‌ಗಳು ಸಿಜಿನ್ಯಾಟ್ (ಹಲವು ಮನೆಗಳಿಗೆ ಒಂದೇ ಇಂಟರ್ನೆಟ್ ವಿಳಾಸ ಹಂಚುವ ವ್ಯವಸ್ಥೆ) ಹಿಂದೆ ಇರುವುದರಿಂದ, ರೂಟರ್‌ನ ಒಂದು ಪೋರ್ಟನ್ನು ಹೊರಗಿನವರಿಗೆ ತೆರೆಯುವ ಪೋರ್ಟ್ ಫಾರ್ವರ್ಡ್ ಕೂಡ ನಡೆಯುವುದಿಲ್ಲ. ನಡೆದರೂ 8096 ಅನ್ನು ಹಾಗೇ ಲೋಕಕ್ಕೆ ತೆರೆದಿಡಬೇಡಿ, ನಿಮ್ಮ ಯಂತ್ರಗಳನ್ನಷ್ಟೇ ಖಾಸಗಿಯಾಗಿ ಜೋಡಿಸುವ ಟೇಲ್‌ಸ್ಕೇಲ್ ಹಾಕಿಕೊಳ್ಳಿ. ಅಪ್‌ಡೇಟ್ ವಿಷಯದಲ್ಲೂ ಎಚ್ಚರ ಬೇಕು. ಜೆಲ್ಲಿಫಿನ್ 10.11ರಲ್ಲಿ ಡೇಟಾಬೇಸ್ ರಚನೆಯೇ ಬದಲಾಗಿದೆ, ಒಮ್ಮೆ ಏರಿದರೆ ಹಳೆಯದಕ್ಕೆ ಹಾಗೇ ಇಳಿಯಲಾಗದು. ಸರ್ವಿಸ್ ನಿಲ್ಲಿಸಿ, ಡೇಟಾ ಮತ್ತು ಕಾನ್ಫಿಗ್ ಫೋಲ್ಡರ್ ಎರಡನ್ನೂ ಬೇರೆ ಡಿಸ್ಕಿಗೆ ನಕಲು ಮಾಡಿಕೊಂಡ ಮೇಲೆಯೇ ಅಪ್‌ಡೇಟ್ ಶುರುಮಾಡಿ.